ಹಿಮ್ಮೇಳದ ಬಲಗೈ

ಮೊದಲು ಗೋಡೆ ಗಡಿಯಾರ ಕೆಳಗಿಳಿಯಿತು. ಅದನ್ನು ಟವೆಲ್ಲಿನಲ್ಲಿ ಸುತ್ತಿ ಬಚ್ಚಲುಮನೆಗೆ ಸಾಗಹಾಕಿದ್ದಾಯಿತು. ಕಿಟಕಿಗೆ ಎರಡು ದಪ್ಪ ರಜಾಯಿ ಇಳಿಬಿಟ್ಟರು. ಆಮೇಲೆ ಫ್ರಿಜ್ಜಿನ ಸರದಿ. ಪ್ಲಗ್ ಕಿತ್ತ ಮನೆಯೊಡತಿ, ಬಂದವನ ಸ್ಕೂಟರಿನ ಕೀಲಿಕೈ ಇಸಿದುಕೊಂಡು ಬೆಣ್ಣೆ ಡಬ್ಬಿಯ ಪಕ್ಕ ಇಟ್ಟು ಬಾಗಿಲು ಹಾಕಿದರು. ಮನೆಯಲ್ಲೇ ರೆಕಾರ್ಡಿಂಗ್ ಮಾಡುವವರ ಹಳೆಯ ಉಪಾಯವಂತೆ. ಹೊರಡಬೇಕೆಂದರೆ ಕೀಲಿಕೈ ಬೇಕು, ಕೀಲಿಕೈ ಬೇಕೆಂದರೆ ಫ್ರಿಜ್ ತೆರೆಯಬೇಕು, ತೆರೆದಾಗ ಒಳಗಿನ ದೀಪ ಹತ್ತದಿರುವುದು ಕಂಡು ಪ್ಲಗ್ ನೆನಪಾಗಬೇಕು. ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಹಾಲು ಒಡೆದು ಚೀಸ್ ಬೆವತಿರುತ್ತದೆ.

ಇದು ಸ್ಯಾಂತುವಾನ್. ಪ್ಯಾರಿಸ್ ನಗರವನ್ನು ಸುತ್ತುವರಿದ ಹೆದ್ದಾರಿಯನ್ನು ಉತ್ತರದಲ್ಲಿ ದಾಟಿದೊಡನೆ ಸಿಗುವ ಊರು. ಹಳೇ ಸಾಮಾನಿನ ದೊಡ್ಡ ಸಂತೆಯಿಂದಾಗಿ ಜಗತ್ತಿಗೆ ಗೊತ್ತು. ವಾರಾಂತ್ಯದಲ್ಲಿ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮುರಿದ ತೂಗುದೀಪ, ಹಿತ್ತಾಳೆಯ ಬಾಗಿಲು ಹಿಡಿ, ಯಾರದೋ ಅಜ್ಜನ ಮಿಲಿಟರಿ ಪದಕ, ಎಲ್ಲಕ್ಕೂ ಗಿರಾಕಿ ಉಂಟು. ಭಾನುವಾರ ಸಂಜೆ ಅಂಗಡಿಗಳ ಷಟರು ಇಳಿದ ಮೇಲೆಯೇ ಈ ಮೂರನೆಯ ಮಹಡಿಯ ಅಡುಗೆಮನೆ ಸ್ಟುಡಿಯೋ ಆಗುವುದು. ಆದರೂ ನೆಲದಡಿಯ ಮೆಟ್ರೊ ಮಾತ್ರ ಯಾರ ಮಾತೂ ಕೇಳುವುದಿಲ್ಲ. ರೈಲು ಹಾದಾಗಲೆಲ್ಲ ಸಿಂಕಿನ ಬಳಿ ಕವುಚಿಟ್ಟ ಗಾಜಿನ ಲೋಟಗಳು ಒಂದಕ್ಕೊಂದು ತಾಕಿ ಸಣ್ಣಗೆ ಕಿಣಿಕಿಣಿ ಅನ್ನುತ್ತವೆ. ಅವುಗಳ ನಡುವೆ ಕಾಗದದ ಕರವಸ್ತ್ರ ತುರುಕಿದರು.

ನುಡಿಸುವವರು ಇಬ್ಬರು, ಇಬ್ಬರೂ ಹವ್ಯಾಸಿಗಳು. ಮನೆಯೊಡತಿ ನಿವೃತ್ತ ಗಣಿತದ ಟೀಚರು. ಅರವತ್ತು ದಾಟಿದ ಸಣ್ಣ ಆಳು. ಕುರ್ಚಿಯ ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತರೆ ಗಿಟಾರಿನ ಹಿಂದೆ ಅರ್ಧ ಮರೆಯಾಗುತ್ತಾರೆ. ಬಂದವನು ಲಿಫ್ಟ್ ರಿಪೇರಿಯ ಮೆಕ್ಯಾನಿಕ್. ನಲವತ್ತರ ಆಸುಪಾಸು, ಉಗುರಿನ ಸಂದಿಯಲ್ಲಿ ಗ್ರೀಸಿನ ಕಪ್ಪು. ಬಾಯಿಗೆ ಬಿಡುವಿಲ್ಲ. ಅವನದು ಮುಮ್ಮೇಳ, ಅವರದು ಹಿಮ್ಮೇಳ. ನನ್ನ ಗೆಳತಿಯೊಬ್ಬಳು ಇದೇ ಕಟ್ಟಡದವಳು. ‘ಸದ್ದು ಮಾಡದೆ ಮೂಲೆಯಲ್ಲಿ ಕೂರುವುದಾದರೆ ಬರಬಹುದು’ ಎಂಬ ಷರತ್ತಿನ ಮೇಲೆ ನನಗೆ ಪ್ರವೇಶ ಕೊಡಿಸಿದ್ದಳು. ನಾನು ಚಪ್ಪಲಿ ಹೊರಗೆ ಬಿಟ್ಟು, ಕಿರುಗುಟ್ಟದ ಸ್ಟೂಲೊಂದನ್ನು ಆರಿಸಿಕೊಂಡು, ಕೈಕಟ್ಟಿ ಕೂತೆ.

ಗಿಟಾರುಗಳನ್ನು ನೋಡಬೇಕು. ನಮ್ಮಲ್ಲಿ ಮದುವೆ ಆರ್ಕೆಸ್ಟ್ರಾಗಳಲ್ಲಿ, ಕಾಲೇಜು ಹಾಸ್ಟೆಲ್ಲುಗಳಲ್ಲಿ ಕಾಣುವ ಗುಂಡು ತೂತಿನ ಗಿಟಾರು ಇವಲ್ಲ. ಟೀಚರ ಗಿಟಾರಿನ ಬಾಯಿ ಇಂಗ್ಲಿಷಿನ ‘ಡಿ’ ಅಕ್ಷರವನ್ನು ಮಲಗಿಸಿದ ಆಕಾರದ್ದು, ಒಳಗೆ ಕೈ ಹಾಕುವಷ್ಟು ದೊಡ್ಡದು. ಮೆಕ್ಯಾನಿಕನದು ಬಾದಾಮಿಯಷ್ಟು ಕಿರಿದಾದ ಅಂಡಾಕಾರದ ಬಾಯಿ. ಈ ಕಸುಬಿನವರು ಮೊದಲನೆಯದನ್ನು ದೊಡ್ಡಬಾಯಿ, ಎರಡನೆಯದನ್ನು ಚಿಕ್ಕಬಾಯಿ ಎಂದೇ ಕರೆಯುತ್ತಾರೆ. ಮಾರಿಯೊ ಮಕ್ಕಫೆರಿ ಎಂಬ ಇಟಲಿಯ ಕುಶಲಕರ್ಮಿ ರೂಪಿಸಿ, ಫ್ರಾನ್ಸಿನ ಸೆಲ್ಮರ್ ಕಂಪನಿ 1932ರಿಂದ ತಯಾರಿಸಿದ ಮಾದರಿಯ ನಕಲುಗಳಿವು. ಸೆಲ್ಮರ್ 1952ರಲ್ಲಿ ತಯಾರಿಕೆ ನಿಲ್ಲಿಸುವ ಹೊತ್ತಿಗೆ ಹುಟ್ಟಿದ್ದ ಗಿಟಾರುಗಳು ಒಟ್ಟು ಸಾವಿರವೂ ಇರಲಿಲ್ಲ. ಅಸಲಿಯನ್ನು ಕೊಳ್ಳುವುದು ಟೀಚರ ಪೆನ್ಷನ್ನಿಗೂ ಮೆಕ್ಯಾನಿಕನ ಸಂಬಳಕ್ಕೂ ಎಟುಕದ ಮಾತು. ಅವನದು ಫ್ರಾನ್ಸಿನ ಹಳ್ಳಿಯೊಂದರ ಕುಶಲಕರ್ಮಿ ಕೈಯಲ್ಲಿ ಮಾಡಿದ್ದು, ಕಂತಿನಲ್ಲಿ ಕೊಂಡದ್ದು. ಅವರದು ಚೀನಾದ ಕಾರ್ಖಾನೆಯದು. ‘ಹಿಮ್ಮೇಳಕ್ಕೆ ಸಾಕು’ ಅಂದರು. ಆ ಮಾತಿನಲ್ಲಿ ವಿನಯವಿತ್ತೋ ವ್ಯಂಗ್ಯವಿತ್ತೋ ಹೇಳಲಾರೆ.

ಅವನ ಗಿಟಾರನ್ನು ಬೋರಲು ಹಾಕಿ ತೋರಿಸಿದಾಗ ನನಗೆ ನಮ್ಮ ಕಡೆಯ ಗುರುತೊಂದು ಸಿಕ್ಕಿತು. ಬೆನ್ನು, ಪಕ್ಕೆ ಎರಡೂ ಬೀಟೆ. ನೇರಳೆ ಕಪ್ಪಿನ ಗೆರೆ ಓಡಿದ ಕಂದು. ಮಲೆನಾಡಿನ ಹಳೆಯ ಮನೆಗಳ ಕಪಾಟು, ಮಂಚದಲ್ಲಿ ನೋಡಿದವರಿಗೆ ಮೋಸ ಹೋಗುವ ಪ್ರಮೇಯವೇ ಇಲ್ಲ. ಸೆಲ್ಮರ್ ಕಂಪನಿಯವರು ಭಾರತದ ಬೀಟೆಯ ತೆಳು ಹಾಳೆಗಳನ್ನು ಬೇರೆ ಮರಕ್ಕೆ ಅಂಟಿಸಿ ಬಳಸುತ್ತಿದ್ದರು; ಆ ರೂಢಿ ನಕಲುಗಳಲ್ಲೂ ಉಳಿದಿದೆ. ಈ ಹಲಗೆ ಹುಟ್ಟಿದ್ದು ಪಶ್ಚಿಮ ಘಟ್ಟದ ಯಾವ ಇಳಿಜಾರಿನಲ್ಲೋ ಅವನಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಗಡಿ ದಾಟುವ ತಾಪತ್ರಯ ಮಾತ್ರ. 2017ರಲ್ಲಿ ಬೀಟೆಯ ಇಡೀ ಕುಲವೇ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿದಾಗ, ಇದನ್ನು ಹೆಗಲಿಗೇರಿಸಿ ವಿಮಾನ ಹತ್ತಲು ಅವನಿಗೆ ಧೈರ್ಯವಿರಲಿಲ್ಲವಂತೆ. ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರಲ್ಲಿ.

ಮೈಕ್ ಎಂದರೆ ಅಂಗೈ ಅಗಲದ ಒಂದು ರೆಕಾರ್ಡರು, ತಲೆಯ ಮೇಲೆ ಕೊಂಬಿನಂತೆ ಎರಡು ಪುಟ್ಟ ಮೈಕು. ಅದನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಸಿಕ್ಕಿಸಿ ಮೇಜಿನ ಒಂದು ತುದಿಯಲ್ಲಿ ನಿಲ್ಲಿಸಿದರು. ಮುಂದಿನ ಅರ್ಧ ಗಂಟೆ ಕುರ್ಚಿ ಎಳೆದಾಟ. ಹಿಮ್ಮೇಳದ ಸದ್ದು ಜೋರು, ಅದು ಹಿಂದೆ ಹೋಗಬೇಕು. ಬಿಡಿ ಸ್ವರಗಳು ತೆಳು, ಅವು ಮುಂದೆ ಬರಬೇಕು. ಒಂದು ಗೇಣು ಹಿಂದೆ, ನಾಲ್ಕು ಬೆರಳು ಎಡಕ್ಕೆ, ಮತ್ತೆ ಎರಡು ಬೆರಳು ಬಲಕ್ಕೆ. ಪ್ರತಿ ಸಲವೂ ಹತ್ತು ಸೆಕೆಂಡು ನುಡಿಸಿ, ಹೆಡ್‌ಫೋನಿನಲ್ಲಿ ಕೇಳಿ, ತಲೆಯಾಡಿಸಿ, ಮತ್ತೆ ಎಳೆದಾಟ. ಗುಂಡಿ ತಿರುಗಿಸಿ ಸರಿ ಮಾಡುವ ಬದಲು ಮನುಷ್ಯರನ್ನೇ ಸರಿಸಿ ಸರಿ ಮಾಡುವ ಕ್ರಮ 1930ರ ದಶಕದ್ದು. ಇವರು ಬೇಕೆಂದೇ ಅದನ್ನು ಹಿಡಿದುಕೊಂಡಿದ್ದಾರೆ. ಬೇರೆಬೇರೆಯಾಗಿ ಧ್ವನಿಮುದ್ರಿಸಿ ಆಮೇಲೆ ಕೂಡಿಸುವುದಿಲ್ಲ. ಇಬ್ಬರ ಸದ್ದೂ ಒಂದೇ ರೆಕಾರ್ಡರಿಗೆ ಹರಿಯುವುದರಿಂದ ಒಬ್ಬರು ತಪ್ಪಿದರೂ ಇಬ್ಬರೂ ಮತ್ತೆ ಮೊದಲಿನಿಂದ. ಇನ್ನೊಂದು ನಿಯಮ: ಹಾಡು ಮೂರು ನಿಮಿಷ ಮೀರಬಾರದು. ಹತ್ತಿಂಚಿನ ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಅಷ್ಟೇ. ತಟ್ಟೆ ಹೋಗಿ ಎಷ್ಟೋ ಕಾಲವಾಯಿತು, ಆ ಮೂರು ನಿಮಿಷದ ಮಿತಿಯನ್ನು ಮಾತ್ರ ಟೀಚರು ಬಿಟ್ಟಿಲ್ಲ. ‘ಇಲ್ಲದಿದ್ದರೆ ಇವನು ನಿಲ್ಲಿಸುವುದೇ ಇಲ್ಲ.’

ಮೊದಲನೆಯದು ‘ಮೈನರ್ ಸ್ವಿಂಗ್’. ಗಿಟಾರಿಗ ಜ್ಯಾಂಗೊ ರೈನ್‌ಹಾರ್ಟ್ ಮತ್ತು ಪಿಟೀಲಿನ ಸ್ಟೆಫಾನ್ ಗ್ರಪೆಲ್ಲಿ ಕಟ್ಟಿದ್ದು, ಅವರ ತಂಡ ಪ್ಯಾರಿಸ್ಸಿನಲ್ಲಿ 1937ರ ನವೆಂಬರಿನಲ್ಲಿ ಧ್ವನಿಮುದ್ರಿಸಿದ್ದು. ಹದಿನಾರು ಆವರ್ತದ ಒಂದು ಸುತ್ತು. ಅದರ ಮೈಯೆಲ್ಲ ಮೂರು ಸ್ವರಗುಚ್ಛದಲ್ಲೇ ನಿಂತಿದೆ. ಜಿಪ್ಸಿ ಜಾಝ್ ಕಲಿಯುವ ಪ್ರತಿಯೊಬ್ಬನೂ ಮೊದಲು ಕೈ ಹಾಕುವುದು ಇದಕ್ಕೇ. ಎಲ್ಲರಿಗೂ ಗೊತ್ತಿರುವುದರಿಂದಲೇ ಇದನ್ನು ಚೆನ್ನಾಗಿ ನುಡಿಸುವುದು ಕಷ್ಟ. (ಜಿಪ್ಸಿ ಎಂಬ ಹೆಸರನ್ನು ಆ ಜನರಲ್ಲೇ ಅನೇಕರು ಒಪ್ಪುವುದಿಲ್ಲ. ಫ್ರಾನ್ಸಿನಲ್ಲಿ ಇದು ಮನೂಶ್ ಜಾಝ್. ಮನೂಶರು ಅಂದರೆ ಜ್ಯಾಂಗೊನ ಸಮುದಾಯ.)

ಕೆಂಪು ದೀಪ ಹತ್ತಿತು. ಟೀಚರು ನಾಲ್ಕು ಎಣಿಕೆಯನ್ನು ತುಟಿಯಲ್ಲೇ ಎಣಿಸಿದರು. ಶುರು.

ನಾನು ಕಣ್ಣು ನೆಟ್ಟದ್ದು ಅವರ ಬಲಗೈ ಮೇಲೆ. ಮಣಿಕಟ್ಟು ಬಾಗಿ, ಹಸ್ತ ಗಿಟಾರಿನ ಮೈಗೆ ಎಲ್ಲೂ ತಾಗದೆ ಗಾಳಿಯಲ್ಲಿದೆ. ಹೆಬ್ಬೆರಳು ತೋರುಬೆರಳ ನಡುವೆ ಐದು ಮಿಲಿಮೀಟರ್ ದಪ್ಪದ ಮೀಟು, ಪ್ಲಾಸ್ಟಿಕ್ಕಿನ ಗಟ್ಟಿ ಬಿಲ್ಲೆ. ಅಂಥ ದಪ್ಪದ್ದು ನಮ್ಮ ಗಿಟಾರ್ ಅಂಗಡಿಗಳಲ್ಲಿ ಸಿಗುವುದು ಅಪರೂಪ. ಕೈ ತೊಳೆದು ನೀರು ಕೊಡವುವ ಹಾಗೆ ಮಣಿಕಟ್ಟು ಕೆಳಕ್ಕೆ ಬೀಳುತ್ತದೆ. ಒಂದು ಮತ್ತು ಮೂರನೆಯ ಪೆಟ್ಟು ದಪ್ಪ ತಂತಿಗಳ ಮೇಲೆ, ತುಸು ತುಂಬಿಕೊಂಡು. ಎರಡು ಮತ್ತು ನಾಲ್ಕನೆಯದು ಆರೂ ತಂತಿಗಳ ಮೇಲೆ ಚಟ್ಟನೆ. ಹುಟ್ಟುತ್ತಲೇ ಎಡಗೈ ಬೆರಳು ಸಡಿಲಿಸಿ ಅದರ ಉಸಿರು ಕಟ್ಟಿಬಿಡುತ್ತದೆ. ಒಂದು, ಮೂರರ ಬಾಗಿಲಲ್ಲಿ ಕಿವಿಗೆ ಬಿದ್ದೂ ಬೀಳದ ಒಂದು ಮೇಲ್ಮೀಟು. ಇದಕ್ಕೆ ಲಾ ಪೊಂಪ್ ಎಂದು ಹೆಸರು. ಮನೂಶರ ಬಿಡಾರಗಳಲ್ಲಿ ಹುಡುಗರಿಗೆ ಮೊದಲು ಕೊಡುವುದು ಇದನ್ನೇ. ಚಿಕ್ಕಪ್ಪನೋ ಮಾವನೋ ಮುಂದೆ ಕೂತು ಸ್ವರ ಹರಿಬಿಡುತ್ತಿದ್ದರೆ ಹುಡುಗ ಹಿಂದೆ ಕೂತು ವರ್ಷಗಟ್ಟಲೆ ಪೊಂಪ್ ಹಾಕಬೇಕು.

ಈ ಜೋಡಿಯಲ್ಲಿ ಡೋಲಿಲ್ಲ, ಡಬಲ್ ಬಾಸ್ ಇಲ್ಲ. ತಾಳ, ತಳದ ಸ್ವರ, ಸ್ವರಗುಚ್ಛ ಮೂರೂ ಆ ಒಂದು ಕೈಯ ಹೊಣೆ. ಎಡಗೈಯ ಹೆಬ್ಬೆರಳು ಗಿಟಾರಿನ ಕತ್ತನ್ನು ಹಿಂದಿನಿಂದ ಬಳಸಿ ಬಂದು ಆರನೆಯ ತಂತಿಯನ್ನು ಒತ್ತುತ್ತದೆ. ಶಾಸ್ತ್ರೀಯ ಗಿಟಾರ್ ಮೇಷ್ಟ್ರು ನೋಡಿದರೆ ಕಿವಿ ಹಿಂಡಬೇಕಾದ ಹಿಡಿತ. ವೇಗ ನಿಮಿಷಕ್ಕೆ ಇನ್ನೂರು ಪೆಟ್ಟು. ಮೂರು ನಿಮಿಷಕ್ಕೆ ಆರುನೂರು ಎಂದು ಆಮೇಲೆ ಟೀಚರು ಹೇಳಿದರು, ಮೇಲ್ಮೀಟು ಲೆಕ್ಕಕ್ಕೆ ಹಿಡಿಯದೆ. ಆ ಆರುನೂರರಲ್ಲಿ ಒಂದನ್ನೂ ಕೇಳುಗ ಗಮನಿಸಬಾರದು. ಗಮನಿಸಿದನೆಂದರೆ ಅದು ತಪ್ಪಿದ ಪೆಟ್ಟು.

ಮೆಕ್ಯಾನಿಕನ ಕೈಚಳಕ ಕಡಿಮೆಯದಲ್ಲ. ಅವನ ಮೀಟು ಒಂದು ತಂತಿಯನ್ನು ಮೀಟಿ ಮುಂದಿನ ತಂತಿಗೆ ಒರಗಿ ನಿಲ್ಲುತ್ತದೆ. ಹೊಸ ತಂತಿಗೆ ಹೋದಾಗಲೆಲ್ಲ ಕೆಳಮೀಟಿನಿಂದಲೇ ಶುರು. ಅಕಾರ್ಡಿಯನ್ನಿನ ಸದ್ದಿಗೆ ಎದುರಾಗಿ ನೃತ್ಯಶಾಲೆಗಳಲ್ಲಿ ಕೇಳಿಸಬೇಕಿದ್ದ ಕಾಲದಲ್ಲಿ ಬೆಳೆದ ತಂತ್ರ. ಸ್ವರಗಳು ಮೊಳೆ ಹೊಡೆದಷ್ಟು ಗಟ್ಟಿ. ಮೂರನೆಯ ಸುತ್ತಿನಲ್ಲಿ ಅವನು ತಾರಸ್ಥಾಯಿಯಿಂದ ಅರೆಸ್ವರಗಳಲ್ಲಿ ಜಾರಿ ಕೆಳಗಿಳಿದದ್ದು ನಿಜಕ್ಕೂ ಸೊಗಸಾಗಿತ್ತು. ಆ ಉಮೇದಿನಲ್ಲೇ ನಾಲ್ಕನೆಯ ಸುತ್ತು ಹೊಕ್ಕ. ಟೀಚರ ಹುಬ್ಬು ಗಂಟಾಯಿತು. ಏನಾಯಿತೆಂದು ನನಗೆ ತಿಳಿಯಲಿಲ್ಲ.

ತಿಳಿದದ್ದು ಪ್ಲೇಬ್ಯಾಕ್ ಕೇಳಿದಾಗ. ಮೇಜಿನ ಮೇಲಿನ ಪುಟ್ಟ ಸ್ಪೀಕರಿನಲ್ಲಿ ಇಬ್ಬರೂ ತಲೆತಗ್ಗಿಸಿ ಕೇಳಿದರು. ಅವನು ಓಡುತ್ತಿದ್ದ. ಹೆಚ್ಚಲ್ಲ, ಪ್ರತಿ ಸುತ್ತಿನಲ್ಲೂ ಕೂದಲೆಳೆಯಷ್ಟು ಮುಂದೆ. ಅವರು ಹಿಂದಕ್ಕೆ ಎಳೆದು ಹಿಡಿದಿದ್ದರು. ಆ ಜಗ್ಗಾಟ ಕೋಣೆಯಲ್ಲಿ ಕೂತ ನನಗೆ ಹುರುಪಾಗಿ ಕೇಳಿಸಿತ್ತು, ಯಂತ್ರಕ್ಕೆ ಜಗಳವಾಗಿ ಕೇಳಿಸಿದೆ. ‘ವರ್ಷಗಟ್ಟಲೆ ಒಟ್ಟಿಗೆ ನುಡಿಸಿದ್ದೆವು, ಇವನು ಓಡುತ್ತಾನೆಂದು ನಾನು ಹೇಳುತ್ತಿದ್ದೆ, ನಾನು ಎಳೆಯುತ್ತೇನೆಂದು ಇವನು ಹೇಳುತ್ತಿದ್ದ. ರೆಕಾರ್ಡರು ಕೊಂಡ ಮೇಲೆ ಇಬ್ಬರ ಮಾತೂ ನಿಜವೆಂದು ಗೊತ್ತಾಯಿತು’ ಅಂದರು ಟೀಚರು. ರೆಕಾರ್ಡಿಂಗ್ ಯಾರಿಗಾಗಿ ಎಂದು ಕೇಳಿದ್ದಕ್ಕೆ ಬಂದ ಉತ್ತರ ಇದು. ನಾಲ್ಕೈದು ಗೆಳೆಯರಿಗೆ ಕಳಿಸುತ್ತಾರೆ, ಅಷ್ಟೇ. ಉಳಿದಂತೆ ಇವರೇ ಇವರ ಶ್ರೋತೃಗಳು.

ಎರಡನೆಯ ಟೇಕಿನಲ್ಲಿ ಅವನು ಓಡಲಿಲ್ಲ, ಆದರೆ ಸ್ವರಗಳಲ್ಲಿ ಅಂಜಿಕೆ ಇತ್ತು. ಕೆಂಪು ದೀಪ ಉರಿಯುತ್ತಿರುವುದನ್ನು ಬೆರಳುಗಳು ನೋಡುತ್ತಿವೆ ಅನ್ನಿಸುವಂತೆ. ಮೂರನೆಯದು ಅರ್ಧಕ್ಕೇ ನಿಂತಿತು. ತಂತಿಯ ಶ್ರುತಿ ಇಳಿದಿತ್ತು. ಉಕ್ಕಿನ ಮೇಲೆ ಬೆಳ್ಳಿ ಲೇಪದ ತಾಮ್ರ ಸುತ್ತಿದ ತೆಳು ತಂತಿಗಳು, ಕೋಣೆ ಬೆಚ್ಚಗಾದಂತೆ ಸಡಿಲವಾಗುತ್ತವೆ. ಒಲೆ ಆರಿಸಿ, ಕಿಟಕಿ ತೆರೆದು, ಮತ್ತೆ ಮುಚ್ಚಿ, ಶ್ರುತಿ ಮಾಡಿ ನಾಲ್ಕನೆಯ ಟೇಕ್. ಅದರ ನಡುವೆ ಮೆಟ್ರೊ ಹಾದು ಹೋಯಿತು. ಲೋಟಗಳು ಸುಮ್ಮನಿದ್ದವು, ನೆಲ ಸುಮ್ಮನಿರಲಿಲ್ಲ. ಯಾರೂ ನಿಲ್ಲಿಸಲಿಲ್ಲ.

ಊಟದ ವಿರಾಮದಲ್ಲಿ ಬ್ರೆಡ್ಡು, ಸೂಪು. ಸೂಪು ಹೀರುತ್ತಾ ಮೆಕ್ಯಾನಿಕ್ ಕಿಟಕಿಯ ರಜಾಯಿ ಸರಿಸಿ ಹೊರಗೆ ಕೈ ತೋರಿದ. ಹಳೆಯ ಪ್ಯಾರಿಸ್ಸಿನ ಕೋಟೆಗೋಡೆಯ ಆಚೆಗೆ ಯಾರೂ ಕಟ್ಟಡ ಕಟ್ಟುವಂತಿಲ್ಲದ ಪಟ್ಟಿಯೊಂದಿತ್ತು, ಬಡವರೂ ಅಲೆಮಾರಿಗಳೂ ಗುಡಿಸಲು ಹಾಕಿಕೊಂಡ ‘ಝೋನ್’. ಜ್ಯಾಂಗೊನ ಬಂಡಿಮನೆ ನಿಂತಿದ್ದದ್ದು ಈ ಕಡೆಯೇ. 1928ರ ಶರತ್ಕಾಲದ ಒಂದು ರಾತ್ರಿ ಹೆಂಡತಿ ಮಾರಲೆಂದು ಮಾಡಿಟ್ಟ ಸೆಲ್ಯುಲಾಯ್ಡ್ ಹೂಗಳಿಗೆ ಮೇಣದ ಬತ್ತಿ ತಾಗಿ ಬಂಡಿ ಹೊತ್ತಿಕೊಂಡಿತು. ಹದಿನೆಂಟರ ಜ್ಯಾಂಗೊನ ಎಡಗೈಯ ಉಂಗುರದ ಬೆರಳು, ಕಿರುಬೆರಳು ಸೊಟ್ಟಗಾದವು. ಆಮೇಲೆ ಎರಡೇ ಬೆರಳಿನಲ್ಲಿ ಅವನು ಮಾಡಿದ್ದು ಎಲ್ಲರಿಗೂ ಗೊತ್ತಿರುವ ಕತೆ. ಈ ಸಂಗೀತದ ಬಗ್ಗೆ ಬರೆಯುವವರೆಲ್ಲ ಅಲ್ಲೇ ನಿಂತುಬಿಡುತ್ತಾರೆ. ಟೀಚರಿಗೆ ಬೇರೆ ಕತೆ ಇಷ್ಟ. ಆಸ್ಪತ್ರೆಯ ಹಾಸಿಗೆಗೆ ಗಿಟಾರು ತಂದುಕೊಟ್ಟವನು ಯಾರು? ತಮ್ಮ ಜೋಸೆಫ್. ಅಣ್ಣನ ಹಿಂದೆ ಕೂತು ವರ್ಷಾನುಗಟ್ಟಲೆ ಪೊಂಪ್ ಹಾಕಿದವನೂ ಅವನೇ.

1934ರಲ್ಲಿ ಹುಟ್ಟಿದ ‘ಹಾಟ್ ಕ್ಲಬ್ ಆಫ್ ಫ್ರಾನ್ಸ್’ ಪಂಚಮೇಳದಲ್ಲಿ ಒಂದು ಪಿಟೀಲು, ಒಂದು ಬಾಸ್, ಮೂರು ಗಿಟಾರು. ಮೂರು ಯಾಕೆ? ಗ್ರಪೆಲ್ಲಿ ಪಿಟೀಲು ನುಡಿಸುವಾಗ ಅವನ ಹಿಂದೆ ಎರಡು ಗಿಟಾರು ಇರುತ್ತವೆ, ನಾನು ನುಡಿಸುವಾಗ ನನ್ನ ಹಿಂದೆ ಒಂದೇ ಎಂದು ಜ್ಯಾಂಗೊ ಮುನಿಸಿಕೊಂಡನಂತೆ. ಅದಕ್ಕೇ ಇನ್ನೊಬ್ಬನನ್ನು ಸೇರಿಸಿಕೊಂಡರು. ಜಗತ್ತು ಕಂಡ ಮಹಾ ಗಿಟಾರಿಗನೊಬ್ಬ ತಂಡಕ್ಕೆ ಇಟ್ಟ ಬೇಡಿಕೆ ಹಿಮ್ಮೇಳದ್ದು ಎನ್ನುವಾಗ ಟೀಚರ ಮುಖದಲ್ಲಿ ಗೆದ್ದ ಕಳೆ. ಇದೇ ಊರಿನ ರೋಸಿಯೆ ಬೀದಿಯ ‘ಲಾ ಶೋಪ್ ದೆ ಪ್ಯೂಸ್’ ಹೋಟೆಲಿನಲ್ಲಿ ಮೊಂದೀನ್ ಗಾರ್ಸಿಯಾ ಮತ್ತು ಅವರ ಮಗ ನಿನೀನ್ ದಶಕಗಳ ಕಾಲ ವಾರಾಂತ್ಯಗಳಲ್ಲಿ ಎರಡೇ ಗಿಟಾರಿನಲ್ಲಿ ನುಡಿಸಿದರು. ಸಂತೆಗೆ ಬಂದವರು ಕಾಫಿ ಕುಡಿಯುತ್ತಾ ಕೇಳುತ್ತಿದ್ದರು. ಇವರಿಬ್ಬರಿಗೂ ಅದೇ ಪಾಠಶಾಲೆ.

ಹವ್ಯಾಸಿಗಳ ಲೋಕದಲ್ಲಿ ಈಚೆಗೆ ವೇಗದ ಹುಚ್ಚು ಜಾಸ್ತಿ. 1953ರಲ್ಲಿ ತೀರಿಕೊಂಡ ಜ್ಯಾಂಗೊ ಕೊನೆಯ ವರ್ಷಗಳನ್ನು ಕಳೆದ ಸಮ್ವಾ ಎಂಬ ಸೆನ್ ನದಿಯ ದಂಡೆಯ ಊರಿನಲ್ಲಿ 1968ರಲ್ಲಿ ಉತ್ಸವವೊಂದು ಶುರುವಾಯಿತು. ನದಿ ಉಕ್ಕಿದ ಮೇಲೆ, 2017ರಿಂದ, ಪಕ್ಕದ ಫೊಂತೆನ್‌ಬ್ಲೊ ಅರಮನೆಯ ತೋಟಕ್ಕೆ ಬಂತು. ಜೂನ್ ತಿಂಗಳಲ್ಲಿ ಡೇರೆ ಹಾಕಿಕೊಂಡು ಊರೂರಿನ ಗಿಟಾರುಗಳು ಸೇರುತ್ತವೆ. ವೇದಿಕೆಗಿಂತ ಡೇರೆಗಳ ನಡುವಿನ ಕೂಟಗಳೇ ಅಸಲು ಉತ್ಸವ ಅನ್ನುವವರಿದ್ದಾರೆ. ಅಲ್ಲಿ ಒಂದು ‘ಮೈನರ್ ಸ್ವಿಂಗ್’ಗೆ ಹತ್ತು ಜನ ಮುಮ್ಮೇಳದವರು ಸಾಲುಗಟ್ಟಿರುತ್ತಾರೆ, ಪ್ರತಿಯೊಬ್ಬನೂ ಹಿಂದಿನವನಿಗಿಂತ ವೇಗವಾಗಿ ಬೆರಳು ಓಡಿಸಬೇಕು, ಹಿಂದೆ ಪೊಂಪ್ ಹಾಕುವವರ ತೋಳು ಸೋತು ನೇತಾಡುತ್ತಿರುತ್ತದೆ. ಆ ಸರ್ಕಸ್ಸು ಸಂಗೀತಕ್ಕೆ ಒಳ್ಳೆಯದು ಮಾಡಿಲ್ಲ ಎಂಬುದು ಟೀಚರ ಅಭಿಪ್ರಾಯ; ಅಲ್ಪಸ್ವಲ್ಪ ಕೇಳಿದ ನನ್ನದೂ ಅದೇ. ಮೆಕ್ಯಾನಿಕ್ ಒಪ್ಪಲಿಲ್ಲ. ‘ನಿಮಗೆ ಓಡಲು ಬರುವುದಿಲ್ಲ, ಅದಕ್ಕೇ’ ಅಂದ.

ಎಂಟೂವರೆಯ ಹೊತ್ತಿಗೆ ಕುರ್ಚಿಗಳು ಜಾಗ ಬದಲಿಸಿದವು. ಹಿಂದಿದ್ದದ್ದು ಮೈಕಿನ ಹತ್ತಿರ ಬಂತು, ಹತ್ತಿರವಿದ್ದದ್ದು ಹಿಂದೆ ಹೋಯಿತು. ಇನ್ನು ಬ್ಲೂಸ್. ಮುಂದಿನ ಕುರ್ಚಿ ಟೀಚರದು.

ಈ ಎರಡು ಸಂಗೀತಗಳ ನೆಂಟಸ್ತಿಕೆ ಗಿಟಾರಿನ ಮೂಲಕವೇ ಆದದ್ದು. 1925ಕ್ಕೆ ಮುಂಚೆ ಧ್ವನಿಮುದ್ರಣವೆಂದರೆ ತಗಡಿನ ಕಹಳೆಯ ಮುಂದೆ ನಿಂತು ಕೂಗುವುದು. ಗಿಟಾರಿನ ಮೆಲುದನಿ ಅದಕ್ಕೆ ಸರಿಯಾಗಿ ದಕ್ಕುತ್ತಿರಲಿಲ್ಲ, ಬ್ಯಾಂಜೊ ಬೇಕಾಗುತ್ತಿತ್ತು. ಜ್ಯಾಂಗೊ ಕೂಡ 1928ರಲ್ಲಿ ಮೊದಲ ತಟ್ಟೆಗಳಿಗೆ ಅಕಾರ್ಡಿಯನ್ನಿನ ಪಕ್ಕದಲ್ಲಿ ನುಡಿಸಿದ್ದು ಬ್ಯಾಂಜೊವನ್ನೇ. ಲೇಬಲ್ಲಿನಲ್ಲಿ ಅವನ ಹೆಸರನ್ನೂ ತಪ್ಪಾಗಿ ಅಚ್ಚು ಹಾಕಿದರು. ವಿದ್ಯುತ್ ಮೈಕು ಬಂದಮೇಲೆ ಗಿಟಾರಿಗೆ ಬಾಯಿ ಬಂತು. ಆ ಬಾಯಿಯನ್ನು ಮೊದಲು ಚೆನ್ನಾಗಿ ಬಳಸಿಕೊಂಡವರಲ್ಲಿ ಒಬ್ಬ ಫಿಲಡೆಲ್ಫಿಯಾದ ಎಡ್ಡಿ ಲ್ಯಾಂಗ್, ಇಟಲಿ ಮೂಲದವರ ಮಗ. ಅವನೂ ಪಿಟೀಲಿನ ಜೋ ವೆನುಟಿಯೂ ನುಡಿಸಿದ ತಟ್ಟೆಗಳು ಫ್ರಾನ್ಸಿನ ತುಲಾಂ ಊರಿನಲ್ಲಿ ಚಿತ್ರಕಾರ ಗೆಳೆಯನೊಬ್ಬನ ಮನೆಯಲ್ಲಿ ಜ್ಯಾಂಗೊನ ಕಿವಿಗೆ ಬಿದ್ದವು. ಪಿಟೀಲು–ಗಿಟಾರು ಜೋಡಿಯ ಬೀಜ ಅಲ್ಲಿ.

ಅದೇ ಎಡ್ಡಿ ಲ್ಯಾಂಗ್ 1928–29ರಲ್ಲಿ ನ್ಯೂಯಾರ್ಕಿನಲ್ಲಿ ನ್ಯೂ ಆರ್ಲಿಯನ್ಸಿನ ಬ್ಲೂಸ್ ಗಿಟಾರಿಗ ಲಾನಿ ಜಾನ್ಸನ್ ಜೊತೆ ಒಂದಿಷ್ಟು ಜೋಡಿ ಗಿಟಾರಿನ ತಟ್ಟೆ ಮಾಡಿದ. ಜಾನ್ಸನ್ ಕಪ್ಪು ಮನುಷ್ಯ, ಲ್ಯಾಂಗ್ ಬಿಳಿಯ. ಆಗಿನ ಅಮೆರಿಕದಲ್ಲಿ ಕಪ್ಪು ಜನರಿಗೆಂದೇ ಬೇರೆ ಸರಣಿಯ ತಟ್ಟೆಗಳು. ಇಬ್ಬರ ಹೆಸರೂ ಒಟ್ಟಿಗೆ ಅಚ್ಚಾಗುವುದು ಕಷ್ಟ. ಹಾಗಾಗಿ ಲೇಬಲ್ಲಿನ ಮೇಲೆ ಲ್ಯಾಂಗ್ ‘ಬ್ಲೈಂಡ್ ವಿಲ್ಲಿ ಡನ್’ ಆದ. ಕುರುಡ ಕಪ್ಪು ಗಾಯಕನದೆಂದು ಜನ ನಂಬಬಹುದಾದ ಹೆಸರು. ಅಡಗಿಸಿದ್ದು ಹೆಸರನ್ನು ಮಾತ್ರವಲ್ಲ. ಅಷ್ಟು ಹೊತ್ತಿಗೇ ದೊಡ್ಡ ಸೋಲೋ ವಾದಕನಾಗಿದ್ದ ಲ್ಯಾಂಗ್ ಆ ತಟ್ಟೆಗಳಲ್ಲಿ ಹೆಚ್ಚಿನ ಹೊತ್ತು ಹಿಂದೆ ನಿಂತು, ಪೆಟ್ಟಿಗೊಂದು ಸ್ವರಗುಚ್ಛ ಬದಲಿಸುತ್ತಾ, ತಳದ ಸ್ವರಗಳನ್ನು ನಡೆಸುತ್ತಾ ಜಾನ್ಸನ್‌ಗೆ ದಾರಿ ಬಿಟ್ಟುಕೊಟ್ಟಿದ್ದಾನೆ. ಟೀಚರ ಪ್ರಕಾರ ಗಿಟಾರ್ ಚರಿತ್ರೆಯಲ್ಲಿ ಅದಕ್ಕಿಂತ ಒಳ್ಳೆಯ ಹಿಮ್ಮೇಳವಿಲ್ಲ. ಮೆಕ್ಯಾನಿಕ್ ಬ್ಲೂಸಿನಲ್ಲಿ ಹಿಂದೆ ಕೂರಲು ಒಪ್ಪಿದ್ದು ಆ ತಟ್ಟೆಗಳನ್ನು ಕೇಳಿಸಿದ ಮೇಲೆ.

ಕೆಂಪು ದೀಪ. ಹನ್ನೆರಡು ಆವರ್ತ, ಮೂರು ಸ್ವರಗುಚ್ಛ, ನಿಮಿಷಕ್ಕೆ ಎಂಬತ್ತು ಪೆಟ್ಟು. ಸುತ್ತಿಗೆ ಮೂವತ್ತಾರು ಸೆಕೆಂಡು. ಮೂರು ನಿಮಿಷಕ್ಕೆ ಸರಿಯಾಗಿ ಐದು ಸುತ್ತು. ಲೆಕ್ಕದ ಟೀಚರು ಆರಿಸಿದ ವೇಗ!

ಮೊದಲ ಸುತ್ತಿನಲ್ಲಿ ಅವರು ಹೆಚ್ಚೇನೂ ಮಾಡಲಿಲ್ಲ. ಒಂದು ಸ್ವರ, ಬಿಡುವು, ಅದೇ ಸ್ವರ, ಇನ್ನೊಂದು. ಎರಡನೆಯ ಸುತ್ತಿನಲ್ಲಿ ಉಂಗುರದ ಬೆರಳು ತಂತಿಯನ್ನು ಮೇಲಕ್ಕೆ ತಳ್ಳಿತು. ಬೆರಳಿನ ತುದಿ ಬಿಳಿಚಿಕೊಂಡಿತು, ಪಕ್ಕದ ತಂತಿ ಉಗುರಿನ ಬುಡಕ್ಕೆ ಸರಿದು ನಿಂತಿತು. ಕರ್ನಾಟಕ ಸಂಗೀತದ ಕಿವಿಯಿಂದ ಹೇಳುವುದಾದರೆ, ಸಾಧಾರಣ ಗಾಂಧಾರದಿಂದ ಹೊರಟದ್ದು ಅಂತರ ಗಾಂಧಾರವನ್ನು ಮುಟ್ಟಲಿಲ್ಲ, ನಡುವೆ ಎಲ್ಲೋ ನಿಂತು ನಡುಗಿತು. ಪಿಯಾನೋದಲ್ಲಿ ಆ ಜಾಗಕ್ಕೆ ಮನೆಯೇ ಇಲ್ಲ. ಬ್ಲೂಸಿನ ಅಳುವೂ ಕೊಂಕೂ ಇರುವುದು ಆ ಎಡೆಯಲ್ಲಿ. ಪೊಂಪ್ ಹಾಕುವಾಗ ಆರು ತಂತಿಗಳನ್ನು ಒಟ್ಟಿಗೆ ಆಳಿದ ಕೈ ಈಗ ಒಂದು ತಂತಿಯ ಒಂದು ಬಿಂದುವಿನಲ್ಲಿ ಎಷ್ಟೋ ಹೊತ್ತು ತಡೆದು ನಿಲ್ಲುತ್ತಿತ್ತು. ವೇಗವಿಲ್ಲ, ಕಸರತ್ತಿಲ್ಲ. ಆದರೆ ಪ್ರತಿ ಸ್ವರವೂ ಬೀಳಬೇಕಾದ ಕ್ಷಣದಲ್ಲೇ ಬೀಳುತ್ತಿತ್ತು. ಕೆಲವು ಬೇಕೆಂದೇ ತುಸು ತಡವಾಗಿ. ಇಷ್ಟು ವರ್ಷ ತಾಳ ಹಿಡಿದವರಿಗೆ ಮಾತ್ರ ಆ ತಡ ಮಾಡುವ ಅಧಿಕಾರ ಬರುತ್ತದೆ ಅನ್ನಿಸಿತು.

ಹಿಂದೆ ಕೂತ ಮೆಕ್ಯಾನಿಕ್ ಬೆವರುತ್ತಿದ್ದ. ನಿಧಾನದ ಲಯದಲ್ಲಿ ಓಡಲು ಜಾಗವಿಲ್ಲ, ಅಡಗಲೂ ಜಾಗವಿಲ್ಲ. ಎರಡು ಪೆಟ್ಟುಗಳ ನಡುವಿನ ಬಯಲನ್ನು ಏನೂ ಮಾಡದೆ ಬಿಡಬೇಕು. ಅವನ ಬಲಗೈ ನಡುವೆ ಒಂದೆರಡು ಸಲ ಹೂ ಏರಿಸಲು ಹೋಯಿತು, ತಾನೇ ತಡೆದುಕೊಂಡ. ನಾಲ್ಕನೆಯ ಸುತ್ತಿಗೆ ಅವನಿಗೆ ಹದ ಸಿಕ್ಕಿತು. ತಳದ ಸ್ವರಗಳು ಒಂದೊಂದೇ ಮೆಟ್ಟಿಲಿಳಿದು ಬಂದಾಗ ಟೀಚರು ಅತ್ತ ತಿರುಗಿ ನೋಡದೆಯೇ ನಕ್ಕರು. ಐದನೆಯ ಸುತ್ತಿನ ಕೊನೆಯಲ್ಲಿ ಇಬ್ಬರೂ ಒಟ್ಟಿಗೆ ನಿಂತರು. ಕೊನೆಯ ಸ್ವರ ಪೂರ್ತಿ ಆರುವವರೆಗೆ ಉಸಿರಾಡಬಾರದೆಂಬ ಷರತ್ತು ನನಗೆ ನೆನಪಿತ್ತು.

ಇನ್ನೊಂದು ಟೇಕ್ ಬೇಡ ಎಂದರು ಟೀಚರು. ಅವನು ಬೇಡಿಕೊಂಡ, ಮೊದಲೆರಡು ಸುತ್ತಿನ ತನ್ನ ಕೆಲಸ ಕೇಳಲಾಗದಂತಿದೆ ಅಂದ. ‘ಕೇಳು, ಒಳ್ಳೆಯದು’ ಎಂದು ಅವರು ಗಿಟಾರು ಒರೆಸಲು ಕೂತರು. ಅವನು ಮಣಿಕಟ್ಟು ತಿಕ್ಕಿಕೊಳ್ಳುತ್ತಾ, ಇದನ್ನು ಸಂಜೆಯಿಡೀ ಹೇಗೆ ಮಾಡುತ್ತೀರಿ ಎಂದು ಕೇಳಿದ್ದಕ್ಕೆ ಉತ್ತರವಿಲ್ಲ.

ಲಾನಿ ಜಾನ್ಸನ್ನನ ಮುಂದಿನ ಕತೆಯನ್ನು ಟೀಚರು ಗಿಟಾರು ಒರೆಸುತ್ತಲೇ ಹೇಳಿದರು. ಲ್ಯಾಂಗ್ 1933ರಲ್ಲಿ ಟಾನ್ಸಿಲ್ ಆಪರೇಷನ್ನಿನ ಬೆನ್ನಲ್ಲೇ ಸತ್ತ, ಮೂವತ್ತೂ ಚಿಲ್ಲರೆ ವಯಸ್ಸು. ಜಾನ್ಸನ್ ಬಹುಕಾಲ ಬದುಕಿದ. 1950ರ ದಶಕದ ಕೊನೆಗೆ ಫಿಲಡೆಲ್ಫಿಯಾದ ರೇಡಿಯೊ ನಿರೂಪಕ ಕ್ರಿಸ್ ಆಲ್ಬರ್ಟ್‌ಸನ್ ಹುಡುಕಿಕೊಂಡು ಹೋದಾಗ ಅವನು ಅಲ್ಲಿನ ಹೋಟೆಲೊಂದರಲ್ಲಿ ಕಸ ಗುಡಿಸುವ ಕೆಲಸದಲ್ಲಿದ್ದ. ಅದೇ ಊರಿನಲ್ಲಿ ಎಲ್ಮರ್ ಸ್ನೋಡನ್ ಎಂಬ ಹಳೆಯ ಜಾಝ್ ವಾದಕ ಪಾರ್ಕಿಂಗ್ ಜಾಗದಲ್ಲಿ ಕಾರು ಕಾಯುತ್ತಿದ್ದ. ಇಬ್ಬರನ್ನೂ ಕೂರಿಸಿ, ಒಂದು ಬಾಸ್ ಜೊತೆ ಕೊಟ್ಟು, 1960ರಲ್ಲಿ ‘ಬ್ಲೂಸ್ ಆ್ಯಂಡ್ ಬ್ಯಾಲಡ್ಸ್’ ಧ್ವನಿಮುದ್ರಿಸಿದರು. ಅಷ್ಟು ಹೊತ್ತಿಗೆ ಇಬ್ಬರೂ ಬೇರೆ ಕೆಲಸದಿಂದ ಹೊಟ್ಟೆ ಹೊರೆಯುತ್ತಿದ್ದವರು, ಕಾನೂನಿನ ಲೆಕ್ಕದಲ್ಲಿ ಹವ್ಯಾಸಿಗಳೇ ಎಂದು ಟೀಚರು ವಾದಿಸಿದರು. ಕನ್ನಡದ ಹವ್ಯಾಸಿ ನಾಟಕದವರ ನಡುವೆ ಬೆಳೆದ ನನಗೆ ಆ ವಾದ ತಕ್ಷಣ ಒಪ್ಪಿಗೆಯಾಯಿತು. ಬ್ಯಾಂಕಿನ ಕೌಂಟರಿನಿಂದ ನೇರ ಬಂದು ಬಣ್ಣ ಹಚ್ಚಿಕೊಳ್ಳುವವರ ರಿಹರ್ಸಲ್ಲು ಎಷ್ಟು ಕಟ್ಟುನಿಟ್ಟಿರುತ್ತದೆ ಎಂಬುದನ್ನು ಕಂಡವನು ನಾನು.

ಕೊನೆಗೆ ಆಯ್ಕೆ. ಬ್ಲೂಸಿಗೆ ಇರುವುದೇ ಒಂದು, ಅದು ಉಳಿಯಿತು. ‘ಮೈನರ್ ಸ್ವಿಂಗ್’ ಮಾತ್ರ ಜಗಳಕ್ಕೆ ಬಂತು. ಮೊದಲ ಟೇಕಿನಲ್ಲಿ ಅವನ ಮೂರನೆಯ ಸುತ್ತು ಅದ್ಭುತ, ಆದರೆ ಓಟ. ಎರಡನೆಯದು ಸಪಾಟು, ಆದರೆ ತಪ್ಪಿಲ್ಲ. ನಾಲ್ಕನೆಯದರಲ್ಲಿ ಇಬ್ಬರೂ ಚೆನ್ನಾಗಿ ನುಡಿಸಿದ್ದಾರೆ, ಅಡಿಯಲ್ಲಿ ಇಪ್ಪತ್ತು ಸೆಕೆಂಡು ಮೆಟ್ರೊ ಗುಡುಗಿದೆ. ಕಂಪ್ಯೂಟರಿನಲ್ಲಿ ಮೆಟ್ರೊವನ್ನು ತೆಗೆಯಬಹುದು ಎಂದ ಅವನು. ತೆಗೆದರೆ ತಮ್ಮ ಮಂದ್ರದ ತಂತಿಯ ಬಣ್ಣವೂ ಅದರ ಜೊತೆ ಹೋಗುತ್ತದೆ ಎಂದರು ಅವರು. ನನ್ನ ಮತ ಕೇಳಿದರು. ಮೆಟ್ರೊ ಸಮೇತ ನಾಲ್ಕನೆಯದೇ ಇರಲಿ ಎಂದೆ. ‘ಸಂಜೆಯಿಂದ ಅವರ ಕೈಯನ್ನೇ ನೋಡುತ್ತಿದ್ದಿರಿ, ನಿಮ್ಮ ವೋಟು ಅಸಿಂಧು’ ಎಂದು ಅವನು ಮೊದಲ ಟೇಕನ್ನೇ ಮತ್ತೆ ಹಾಕಿದ. ಮೂರನೆಯ ಸುತ್ತು ಬಂತು, ಅರೆಸ್ವರಗಳ ಆ ಜಾರಿಕೆ ಬಂತು. ಟೀಚರು ಕೈ ಎತ್ತಿ ತಡೆದು, ಅದರ ಹಿಂದೆ ತಮ್ಮ ಎರಡನೆಯ ಪೆಟ್ಟು ಎಲ್ಲಿ ಬಿದ್ದಿದೆ ಕೇಳು ಎಂದರು. ಅವನು ಹಿಂದಕ್ಕೆ ಹೋಗಿ ಮತ್ತೆ ಹಾಕಿದ. ಮತ್ತೆ. ತೀರ್ಮಾನ ಮುಂದಿನ ಭಾನುವಾರಕ್ಕೆ ಮುಂದೂಡಲ್ಪಟ್ಟಿತು. ಅಲ್ಲಿಯವರೆಗೆ ಒಂದನ್ನೂ ಅಳಿಸಕೂಡದೆಂದು ಟೀಚರು ಕಟ್ಟಪ್ಪಣೆ ಮಾಡಿದರು, ಕಾರ್ಡಿನಲ್ಲಿ ಜಾಗವಿಲ್ಲವೆಂದು ಅವನು ಗೊಣಗಿದ.